ಅವಳ ಮದುವೆಗೆ ನಾನು ಮಾಡಿದ ಇಸ್ತ್ರಿ

ಹೊಲದ ಪಾಲಿಗೆ ಜಗಳವಾಡಿ ತವರು ಕಳೆದುಕೊಂಡವರನ್ನು ನೋಡಿದ್ದೇನೆ. ಬಂಗಾರದ ಸರಕ್ಕೆ, ಅತ್ತಿಗೆಯ ಒಂದು ಮಾತಿಗೆ ಕಳೆದುಕೊಂಡವರೂ ಇದ್ದಾರೆ. ಇಸ್ತ್ರಿ ಮಾಡುವ ಯಂತ್ರದ ದೆಸೆಯಿಂದ ಕಳೆದುಕೊಂಡವಳು ಮಾತ್ರ ನಾನೊಬ್ಬಳೇ ಇರಬೇಕು. ಹೇಳಿದರೆ ಜನ ನಗುತ್ತಾರೆ. ನಗಲಿ, ನನಗಂತೂ ಇವತ್ತಿಗೂ ನಗು ಬಂದಿಲ್ಲ.

ಆ ಯಂತ್ರ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವೆ. ನಾವಾಗ ದಾಂಡೇಲಿಯಲ್ಲಿ, ಕಾಗದದ ಗಿರಣಿಯವರೇ ಹೆಚ್ಚಿಗೆ ಇದ್ದ ಒಂದು ಚಾಳಿನಲ್ಲಿ ಇದ್ದೆವು. ನನ್ನ ಗಂಡ ಧಾರವಾಡ ಕಡೆಯವರು, ಗಿರಣಿಯಲ್ಲಿ ಪಾಳಿ ಕೆಲಸ. ನಾನು ಮನೆಯಲ್ಲೇ ಸೀರೆಯ ಕೆಳ ಅಂಚಿಗೆ ಫಾಲು ಹಚ್ಚಿ, ತುದಿಗೆ ಪಿಕೊ ಹೊಲಿಗೆ ಹಾಕಿಕೊಡುತ್ತಿದ್ದೆ. ನಮ್ಮ ಸಾಲಿನವರೊಬ್ಬರು ಕೊಲ್ಲಿ ದೇಶದಿಂದ ಮರಳುವಾಗ ಒಂದು ಸ್ಟೀಮ್ ಪ್ರೆಸ್ ಹೊತ್ತು ತಂದಿದ್ದರು. ಅವರ ಹೆಂಡತಿಗೆ ಅದನ್ನು ಕಂಡರೇ ಹೆದರಿಕೆ. ಹಬೆ ಬುಸ್ಸೆಂದರೆ ಆಕೆ ಹಿತ್ತಲಿಗೆ ಓಡುತ್ತಿದ್ದಳಂತೆ. ಕೊನೆಗೆ ಅದು ನಮ್ಮ ಪಾಲಿಗೆ ಬಂತು. ನಮ್ಮ ಗೋಡೆಯ ತೂತಿಗೆ ಅದರ ಪ್ಲಗ್ಗು ಹೊಂದಲಿಲ್ಲ. ಗಂಡ ವೈರು ಕತ್ತರಿಸಿ ಬೇರೆ ಪ್ಲಗ್ಗು ಹಾಕಿಕೊಟ್ಟರು.

ಕೆಳಗೆ ಮೆತ್ತನೆ ಬಟ್ಟೆ ಹೊದಿಸಿದ ಹಲಗೆ, ಮೇಲೆ ಅಷ್ಟೇ ಅಗಲದ ಕಾಯುವ ತಗಡು. ಟ್ರಂಕಿನ ಮುಚ್ಚಳದ ಹಾಗೆ ಎತ್ತಿ, ಬಟ್ಟೆ ಹಾಸಿ, ಹಿಡಿಕೆ ಕೆಳಗೆ ಎಳೆದರೆ ಮುಗಿಯಿತು. ಗುಂಡಿ ಒತ್ತಿದರೆ ಹಬೆ. ಮುಚ್ಚಿ ಮರೆತರೆ ತಾನೇ ಕುಂಯ್ ಎಂದು ಕೂಗಿ ಕರೆಯುತ್ತಿತ್ತು. ನಲ್ಲಿಯ ನೀರು ಹಾಕಿದರೆ ಒಳಗೆ ಬಿಳಿ ಗಾರೆ ಕಟ್ಟುತ್ತದೆ ಎಂದು ನಾನು ಮಳೆಗಾಲದಲ್ಲಿ ಹೆಂಚಿನ ಸೋರು ನೀರು ಹಿಡಿದು, ಬಟ್ಟೆಯಲ್ಲಿ ಸೋಸಿ, ಅದಕ್ಕೆಂದೇ ಕೊಡ ತುಂಬಿಡುತ್ತಿದ್ದೆ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟು ಪಕ್ಕದ ಜೋಯಿಡಾದಲ್ಲಿ, ಕರೆಂಟು ಹೋಗುವುದು ನಮ್ಮ ಮನೆಯಲ್ಲಿ. ದೀಪದ ಬುಡ ಕತ್ತಲೆ ಎನ್ನುವುದು ಸುಳ್ಳಲ್ಲ. ಕರೆಂಟು ಬಂತೆಂದರೆ ಒಲೆಯ ಮೇಲಿನ ಸಾರನ್ನು ಇಳಿಸಿ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದೆ.

ಆ ಯಂತ್ರ ನನ್ನನ್ನು ಎತ್ತಿ ನಿಲ್ಲಿಸಿತು. ಫಾಲು ಹಚ್ಚುವವರು ಊರಲ್ಲಿ ಹಲವರಿದ್ದರು; ಫಾಲು ಹಚ್ಚಿ, ಪಿಕೊ ಮಾಡಿ, ಅಂಗಡಿಯಿಂದ ಈಗ ತಾನೇ ತಂದ ಹಾಗೆ ಪ್ರೆಸ್ ಮಾಡಿ ಕೊಡುವವಳು ನಾನೊಬ್ಬಳೇ. ಇಳಕಲ್ ಸೀರೆಯ ಸೆರಗು, ಕಾಟನ್ನಿನ ಗಂಜಿ, ರೇಷ್ಮೆಯ ಜರಿ, ಯಾವುದಕ್ಕೆ ಎಷ್ಟು ಹಬೆ ಎಂದು ಕೈಗೇ ಗೊತ್ತಾಗಿತ್ತು. ಮಕ್ಕಳ ಶಾಲೆ, ಮನೆಯ ಕಿರಾಣಿ ನನ್ನ ಕೈಯಿಂದಲೇ ನಡೆಯುತ್ತಿತ್ತು. ಚಾಳಿನವರು ನನ್ನನ್ನು ಹೆಸರು ಬಿಟ್ಟು ಪ್ರೆಸ್ಸಿನಕ್ಕ ಎಂದೇ ಕರೆಯತೊಡಗಿದರು. ನನಗೂ ಕೊಂಚ ಕೊಂಬು ಬಂದಿತ್ತು ಎನ್ನಿ.

ನನಗೊಬ್ಬಳೇ ತಂಗಿ. ನನಗಿಂತ ಬಹಳ ಸಣ್ಣವಳು, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮ್ಮ ತವರು ಮುಂಡಗೋಡ ತಾಲೂಕಿನ ಇಂದೂರ. ಅಪ್ಪ ಹೋದ ಮೇಲೆ ಅಣ್ಣ ಹೊಲ ನೋಡುತ್ತಿದ್ದ, ಅವ್ವ ಮನೆ. ತಂಗಿ ಹಳಿಯಾಳದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಶಿಕ್ಷಕಿಯ ತರಬೇತಿಗೆ ಹೋಗುತ್ತಿದ್ದಳು. ಅಲ್ಲಿ ದಿನಾ ಮಡಿಕೆ ಕೆಡದ ಕಾಟನ್ ಸೀರೆ ಉಟ್ಟು ನಿಲ್ಲಬೇಕು. ಹೀಗಾಗಿ ಊರಿಗೆ ಹೋಗದ ಶನಿವಾರವೆಲ್ಲ ತರಗತಿ ಬಿಟ್ಟ ಮೇಲೆ ದಾಂಡೇಲಿಯ ಬಸ್ಸು ಹತ್ತಿ, ಚೀಲ ತುಂಬ ಸೀರೆ ತರುತ್ತಿದ್ದಳು. ಭಾನುವಾರ ಇಬ್ಬರೂ ಪ್ರೆಸ್ಸಿನ ಮುಂದೆ. ಅವಳು ಹಾಸುವುದು, ನಾನು ಎಳೆಯುವುದು. ಆ ಭಾನುವಾರಗಳು ನನಗೆ ಎಷ್ಟು ಸುಖವಾಗಿದ್ದವು ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಸನವಳ್ಳಿಯ ಸೋದರಮಾವನ ಮಗನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಅವ್ವನ ಟ್ರಂಕಿನಲ್ಲಿ ಅವಳಿಗೆಂದು ತೆಗೆದಿಟ್ಟ ರೇಷ್ಮೆ ಸೀರೆಗಳಿದ್ದವು. ರೇಷ್ಮೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದರೆ ಆ ಮಡಿಕೆಯಲ್ಲೇ ಬಿರಿಯುತ್ತದೆ. ತೆಗೆದು, ಮೇಲೊಂದು ತೆಳು ಬಟ್ಟೆ ಹೊದಿಸಿ, ಕಡಿಮೆ ಹಬೆ ಕೊಟ್ಟು, ಮಡಿಕೆ ಬದಲಿಸಬೇಕು. ಒಂದು ಸಲ ಊಟದ ಹೊತ್ತಿಗೆ ಇದನ್ನು ದೊಡ್ಡ ಪಂಡಿತೆಯ ಹಾಗೆ ನಾನೇ ತಂಗಿಗೆ ಹೇಳಿದ್ದೆ. ಮುಂದಿನ ವಾರವೇ ಅವಳು ಊರಿಗೆ ಹೋಗಿ ಅವ್ವನಿಗೆ ವರದಿ ಒಪ್ಪಿಸಿದಳು. ನಾನು ಇಂದೂರಿಗೆ ಹೋದಾಗ ಅವ್ವ ಕೇಳಿದಳು. ಹೌದವ್ವಾ, ಕಳಿಸು, ಇಲ್ಲದಿದ್ದರೆ ಮದುವೆಯ ಹೊತ್ತಿಗೆ ಚಿಂದಿಯಾಗಿರುತ್ತವೆ ಎಂದೆ. ಒಂದೊಂದೇ ಸೀರೆ ತಂಗಿಯ ಚೀಲದಲ್ಲಿ ಬರತೊಡಗಿತು. ಪ್ರೆಸ್ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಊರಿಗೆ ಹೋದಾಗ ಜೋಪಾನವಾಗಿ ಟ್ರಂಕಿಗೆ ಇಡು ಎಂದು ಅವಳ ಕೈಗೇ ಕೊಡುತ್ತಿದ್ದೆ. ಅವ್ವ ಕೇಳಿದಾಗ ಅವಳು, ಅಕ್ಕನ ಮನೆಯಲ್ಲೇ ಇವೆ, ಎಲ್ಲ ಮುಗಿದ ಮೇಲೆ ಒಟ್ಟಿಗೆ ತರುತ್ತೇನೆ ಎನ್ನುತ್ತಿದ್ದಳಂತೆ. ಅವ್ವನಿಗೆ ಅವಳು ಹೇಳುತ್ತಿದ್ದ ಈ ಮಾತು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಒಂದು ಭಾನುವಾರ ಸೀರೆಗಳ ನಡುವೆ ಒಂದು ಗಂಡಸಿನ ಅಂಗಿ, ಪ್ಯಾಂಟು ಬಂತು. ತಿಳಿ ನೀಲಿ ಗೆರೆಯ ಅಂಗಿ. ಯಾರದೆಂದು ಕೇಳಿದ್ದಕ್ಕೆ, ಪಾಠ ಅಭ್ಯಾಸಕ್ಕೆ ಹೋಗುವ ಶಾಲೆಯ ಹೆಡ್‌ಮಾಸ್ತರರದು, ಪಾಪ, ಅವರ ಮನೆಯಲ್ಲಿ ಮದುವೆ ಇದೆ ಎಂದಳು. ಹಲಗೆಯ ಪ್ರೆಸ್ಸಿನಲ್ಲಿ ಅಂಗಿಯ ತೋಳು ಕೂರಿಸುವುದು ಕಿರಿಕಿರಿ. ಮಾಸ್ತರರ ಕೈಯಲ್ಲಿ ತಂಗಿಯ ಮಾರ್ಕ್ಸು ಇರುತ್ತದೆ ಎಂದು ನಾನು ತೋಳೊಳಗೆ ಟವೆಲ್ ಸುತ್ತಿ ಇಟ್ಟು, ಕಾಲರನ್ನು ಎರಡೆರಡು ಸಲ ಒತ್ತಿ, ಅಂದವಾಗಿ ಮಡಿಚಿ ಕೊಟ್ಟೆ. ಅವಳು ನನ್ನ ಕೆನ್ನೆ ಹಿಂಡಿ ಹೋದಳು.

ಅದರ ಮುಂದಿನ ಶನಿವಾರ ಅವಳು ಬರಲಿಲ್ಲ. ಬುಧವಾರ ಅಣ್ಣ ಬಂದ. ಬಾಗಿಲಲ್ಲೇ ನಿಂತು, ಅಂಚೆಯಲ್ಲಿ ಇಂದೂರಿಗೆ ಬಂದಿದ್ದ ಒಂದು ಫೋಟೋ ನನ್ನ ಮುಂದೆ ಹಿಡಿದ. ಕುಂಬಾರವಾಡದ ಕಡೆಯ ಕೊಂಕಣಿ ಮಾತಿನ ಹುಡುಗ, ಹಳ್ಳಿಯ ಶಾಲೆಯ ಮಾಸ್ತರನಂತೆ, ನಮ್ಮ ಜಾತಿಯವನಲ್ಲ. ಕೊರಳಲ್ಲಿ ಹಾರ. ಪಕ್ಕದಲ್ಲಿ ತಂಗಿ, ಮೈಮೇಲೆ ಅವ್ವನ ಟ್ರಂಕಿನ ಹಸಿರು ರೇಷ್ಮೆ, ಭುಜದ ಮೇಲೆ ನಾನು ಕೂರಿಸಿದ ಮಡಿಕೆ ಇನ್ನೂ ಮುರಿದಿಲ್ಲ. ಅವನ ಮೈಮೇಲೆ ಆ ನೀಲಿ ಗೆರೆಯ ಅಂಗಿ. ವಧುವಿನ ಸೀರೆ, ವರನ ಅಂಗಿ ಎರಡೂ ನನ್ನ ಮನೆಯಿಂದಲೇ ಹೋಗಿದ್ದವು. ನನ್ನ ಕಣ್ಣಿಗೆ ಮಣ್ಣೆರಚಿ ನನ್ನ ಕೈಯಲ್ಲೇ ಅವಳು ಮದುವೆಯ ತಯಾರಿ ಮಾಡಿಸಿಕೊಂಡಿದ್ದಳು.

ನನಗೇನೂ ಗೊತ್ತಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದೆ. ಅಣ್ಣ ಒಳಗೂ ಬರಲಿಲ್ಲ, ನೀರೂ ಕುಡಿಯಲಿಲ್ಲ.

“ಮಳ್ಳಿ ಮಳ್ಳಿ ಮಂಚಕ್ಕ ಎಷ್ಟ ಕಾಲ ಅಂದ್ರ ಮೂರು ಮತ್ತೊಂದು ಅಂದ್ಲಂತ,” ಎಂದ. “ಸೀರಿ ಕಳಸು ಅಂದಾಕಿ ನೀನ. ಇಸ್ತ್ರಿ ಮಾಡಿದಾಕಿ ನೀನ. ಇನ್ನ ಇಂದೂರ ಹಾದಿ ತುಳೀಬ್ಯಾಡ.”

ಅವನು ಹೋದ ಮೇಲೆ ನಾನು ಪ್ರೆಸ್ಸಿನ ಮುಂದೆಯೇ ಕೂತೆ. ಗಂಡ ಒಬ್ಬರೇ ನನ್ನನ್ನು ನಂಬಿದವರು. ಈ ಯಂತ್ರಕ್ಕೆ ಬಾಯಿ ಇದ್ದಿದ್ದರೆ ನಿನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು ಎಂದು ನಗಿಸಲು ನೋಡಿದರು. ಮಾರಿಬಿಡೋಣವೇ ಎಂದೂ ಕೇಳಿದರು. ಮಾರುವುದು ಹೇಗೆ? ತಟ್ಟೆಯಲ್ಲಿನ ಅನ್ನ ಅದರಿಂದ ಬರುತ್ತಿತ್ತು. ಮರುದಿನ ಎದ್ದು ನೀರು ತುಂಬಿ, ಪ್ಲಗ್ಗು ಹಾಕಿ, ಯಾರದೋ ಸೀರೆ ಹಾಸಿದೆ. ಪ್ರೆಸ್ಸಿನ ಮೇಲಿನ ಸಿಟ್ಟನ್ನು ಅದರ ಹಿಡಿಕೆಯ ಮೇಲೆ ತೀರಿಸಿಕೊಂಡೆ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರಪಂಚಮಿ ಎಂದರೆ ಏನು ಎಂದು ಗಂಡಸರಿಗೆ ತಿಳಿಸಿ ಹೇಳುವುದು ಕಷ್ಟ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಕರೆಯಲು ಬಂದರೆ ತವರಿದೆ ಎಂದು ಅರ್ಥ. ಚಾಳಿನ ಹೆಂಗಸರೆಲ್ಲ ಹೊರಡುವವರು, ಒಬ್ಬಳು ಕಲಘಟಗಿಗೆ, ಒಬ್ಬಳು ಬೈಲಹೊಂಗಲಕ್ಕೆ. ಹೊರಡುವ ಮೊದಲು ಎಲ್ಲರ ಸೀರೆಯೂ ನನ್ನ ಮನೆಗೆ ಬರುತ್ತಿತ್ತು. ತವರಿಗೆ ಉಟ್ಟುಕೊಂಡು ಹೋಗಬೇಕು, ಚಲೋ ಪ್ರೆಸ್ ಮಾಡಿಕೊಡ್ರಿ ಎನ್ನುವರು. ನಿಮ್ಮ ಅಣ್ಣ ಯಾವಾಗ ಬರ್ತಾರ್ರಿ ಎಂದೂ ಕೇಳುವರು. ಕೆಲಸ ಬಹಳ ಐತ್ರಿ, ಈ ವರ್ಷ ಹೋಗೂದಿಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆಗೇ ಅದು ರೂಢಿಯಾಯಿತು. ಅವರೆಲ್ಲ ಹೋದ ಮೇಲೆ ಖಾಲಿ ಚಾಳಿನಲ್ಲಿ ಕೂತು, ಕರೆಂಟಿದ್ದರೂ ಒತ್ತಲು ಬಟ್ಟೆಯಿಲ್ಲದೆ, ನಾನು ಅಳುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಗೋಡೆಗೆ ಹೇಳುತ್ತಿದ್ದೆ. ತಂಗಿ ಒಂದು ಸಲವೂ ನನ್ನ ಮನೆಗೆ ಬರಲಿಲ್ಲ. ಕುಂಬಾರವಾಡಕ್ಕೆ ಬಸ್ಸು ಕಡಿಮೆ ಎಂಬುದು ನನಗೂ ಗೊತ್ತಿತ್ತು, ಆದರೆ ಒಂದೂ ಇಲ್ಲವೆಂದೇನಿಲ್ಲ.

ವರ್ಷಗಳು ಹೋದವು. ಹೊಸ ಶತಮಾನದ ಮೊದಮೊದಲ ವರ್ಷಗಳಲ್ಲೊಂದು ಶ್ರಾವಣ, ಅಣ್ಣ ಬಂದೇ ಬಂದ. ಚಹಾ ಕುಡಿದ. ಅವ್ವ ಕರಕೊಂಡು ಬಾ ಎಂದಿದ್ದಾಳೆ ಎಂದ. ನನಗೆ ಕಾರಣ ಕೇಳುವ ಧೈರ್ಯವೂ ಇರಲಿಲ್ಲ, ವ್ಯವಧಾನವೂ ಇರಲಿಲ್ಲ. ನಿಜ ತಾನಾಗಿಯೇ ತಿಳಿದಿರಬೇಕು ಎಂದುಕೊಂಡೆ. ಅಂದು ಊರವರ ಸೀರೆಗಳನ್ನು ಬದಿಗೆ ಸರಿಸಿ ನನ್ನ ಸ್ವಂತ ಸೀರೆಯನ್ನು ಪ್ರೆಸ್ಸಿನಲ್ಲಿ ಹಾಕಿದೆ.

ಇಂದೂರಿನ ಮನೆಯ ಅಡಿಗೆಮನೆಯಲ್ಲಿ ತಂಗಿ ಆಗಲೇ ಕೂತಿದ್ದಳು. ಅವಳ ಮಗು ಅವ್ವನ ತೊಡೆಯ ಮೇಲೆ. ಅಳಿಯ ಪಡಸಾಲೆಯಲ್ಲಿ ಅಣ್ಣನೊಡನೆ ಮಾತಾಡುತ್ತಿದ್ದ. ಅವರು ಬಂದು ಹೋಗಲು ಶುರುವಾಗಿ ವರ್ಷವೇ ಕಳೆದಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ನನ್ನ ಮುಂದೆ ಶೇಂಗಾದ ಪುಡಿ, ಬೆಲ್ಲ ಇಟ್ಟು ಉಂಡಿ ಕಟ್ಟು ಎಂದಳು ಅವ್ವ. ಆಮೇಲೆ ಬಹಳ ದಿನ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಇಳಿಸುವವಳ ಹಾಗೆ ಹೇಳಿದಳು.

“ಆಕಿ ಎಲ್ಲಾ ಹೇಳ್ಯಾಳ ನನಗ. ಹೋಗು, ನಾ ಅದೇನಿ ಅಂತ ನೀ ಧೈರ್ಯಾ ಕೊಟ್ಟಿಯಂತ. ತಾನ ಓಡಿ ಹೋಗಿದ್ರ ಹೊಸ್ತಲಾ ತುಳಿಸ್ತಿದ್ದಿಲ್ಲ ನಾ. ದೊಡ್ಡಾಕಿ ಒಪ್ಪಿ ಕಳಿಸ್ಯಾಳ ಅಂದಮ್ಯಾಲೆ ಏನ ಮಾಡೂದು. ಇರ್ಲಿ, ನೀ ಮಾಡಿದ್ದನ್ನೂ ಹೊಟ್ಟ್ಯಾಗ ಹಾಕ್ಕೊಂಡೇನಿ.”

ನಾನು ತಂಗಿಯ ಮುಖ ನೋಡಿದೆ. ಅವಳು ಉಂಡಿಯನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದಳು. ಅವ್ವಾ, ನನಗೆ ಒಂದು ಮಾತೂ ಗೊತ್ತಿರಲಿಲ್ಲ, ಇವಳು ಸುಳ್ಳು ಹೇಳಿದ್ದಾಳೆ ಎಂದು ಗಟ್ಟಿಯಾಗಿಯೇ ಹೇಳಿದೆ. ಅವ್ವನಿಗೆ ಸಿಟ್ಟೂ ಬರಲಿಲ್ಲ. ಇನ್ನೂ ಯಾಕೆ ಮುಚ್ಚಿಡುತ್ತೀ, ಎಲ್ಲ ಮುಗಿದ ಕತೆ ಎಂದು ನನ್ನ ಬೆನ್ನು ಸವರಿದಳು. ಆ ಸವರುವಿಕೆಯಷ್ಟು ನನಗೆ ಅಣ್ಣನ ಬೈಗುಳವೂ ಚುಚ್ಚಿರಲಿಲ್ಲ.

ಹಿತ್ತಲಲ್ಲಿ ತಂಗಿ ಕೈ ತೊಳೆಯುವಾಗ ಹಿಡಿದು ನಿಲ್ಲಿಸಿದೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

“ಬ್ಯಾರೆ ಹಾದಿ ಇರಲಿಲ್ಲ ಅಕ್ಕಾ. ಕೂಸಿಗೆ ಅಜ್ಜಿ ಮನಿ ಬೇಕಾಗಿತ್ತ. ನಿನ್ನ ಹೆಸರ ಹೇಳಿದ್ರ ಅವ್ವ ಒಪ್ಪತಾಳ ಅಂತ ಗೊತ್ತಿತ್ತ. ನೀ ಹೆಂಗಿದ್ರೂ ತಡಕೋತಿ.”

ಕೆನ್ನೆಗೆ ಬಾರಿಸಬೇಕು ಎನಿಸಿತು. ಕೈ ಎತ್ತಿದೆ ಕೂಡ. ಆಗ ಕೂಸು ಪುಟ್ಟ ಹೆಜ್ಜೆ ಇಡುತ್ತ ಬಂದು ಅವಳ ಸೀರೆ ಹಿಡಿದುಕೊಂಡಿತು. ಕೈ ಇಳಿಸಿದೆ. ಇದನ್ನು ದೊಡ್ಡ ಗುಣ ಎಂದು ಯಾರೂ ತಿಳಿಯಬೇಡಿ. ಅಂದು ನಾನು ಮತ್ತೆ ಬಾಯಿ ತೆರೆಯದಿದ್ದದ್ದು ಹೆದರಿಕೆಯಿಂದ. ಮತ್ತೆ ಹಟ ಹಿಡಿದರೆ ಮುಂದಿನ ವರ್ಷ ಅಣ್ಣ ಕರೆಯಲು ಬರದಿದ್ದರೆ ಎಂಬ ಹೆದರಿಕೆ.

ಅಣ್ಣ ಬರುತ್ತಲೇ ಇದ್ದ. ನಾನು ಹೋಗುತ್ತಲೇ ಇದ್ದೆ. ಜೋಕಾಲಿಯಲ್ಲಿ ತಂಗಿಯ ಪಕ್ಕ ಕೂತು ಜೀಕಿದೆ, ಅವಳ ಮಗುವಿಗೆ ಕೊಬ್ಬರಿ ಬಟ್ಟಲು ಕೊಟ್ಟೆ. ಅವಳ ಜೊತೆ ಬೇಕಾದಷ್ಟೇ ಮಾತಾಡಿದೆ. ಅವಳು ನಮ್ಮ ಮನೆಗೂ ಬರತೊಡಗಿದಳು, ಸೀರೆಯ ಚೀಲದೊಡನೆ. ಮಾಡಿಕೊಟ್ಟೆ. ಆದರೆ ಹಾಸಲು ಅವಳನ್ನು ಹತ್ತಿರ ಬಿಡಲಿಲ್ಲ.

ಅವ್ವ ಹಾಸಿಗೆ ಹಿಡಿದಾಗ ನಾವಿಬ್ಬರೂ ಹೋಗಿ ನೋಡಿಕೊಂಡೆವು. ಒಂದು ಮಧ್ಯಾಹ್ನ ಅವ್ವ ನನ್ನ ಕೈ ಹಿಡಿದು, ನಿನ್ನ ಮೇಲೆ ನನಗೆ ಏನೂ ಸಿಟ್ಟಿಲ್ಲ, ಆ ಮಾತನ್ನು ಯಾವಾಗಲೋ ಮರೆತಿದ್ದೇನೆ, ನೀನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಮಾತಾಡಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ತಂಗಿ ಅಲ್ಲೇ ಅವ್ವನ ಕಾಲ ಬಳಿ ಕೂತು ಎಣ್ಣೆ ತಿಕ್ಕುತ್ತಿದ್ದಳು. ಅವಳ ಒಂದು ಮಾತು ಸಾಕಿತ್ತು. ಈಗ ಹೇಳಿದರೂ ಅವಳನ್ನು ಯಾರೂ ಹೊರಗೆ ಹಾಕುತ್ತಿರಲಿಲ್ಲ. ನಾನು ಅವಳನ್ನೇ ನೋಡುತ್ತ ಕೂತೆ. ಅವಳು ಇನ್ನಷ್ಟು ಎಣ್ಣೆ ಸುರಿದುಕೊಂಡು ಇನ್ನೊಂದು ಕಾಲು ತಿಕ್ಕತೊಡಗಿದಳು.

ಅದೇ ವಾರ ಅವ್ವ ಹೋದಳು. ಹೋಗುವಾಗ ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ.