ಅಕ್ಕ ಮಾಡದೆ ಬಿಟ್ಟ ಕಾರ್ಡು

ನಮ್ಮಕ್ಕ ಇಪ್ಪತ್ತಾರು ವರ್ಷದಿಂದ ವಿಶೇಷ ಮಕ್ಕಳ ಶಾಲೆಯಲ್ಲಿ ಟೀಚರು. ಮಾತು ಬಾರದ ಮಕ್ಕಳಿಗೆ ಚಿತ್ರದ ಕಾರ್ಡು ಕೊಟ್ಟು ಮಾತಾಡಲು ಕಲಿಸುವುದು ಅವಳ ಕಸುಬು. ನೀರು ಬೇಕೆಂದರೆ ಲೋಟದ ಕಾರ್ಡು, ಆಟಕ್ಕೆ ಉಯ್ಯಾಲೆಯ ಕಾರ್ಡು, ಪಾಠ ಸಾಕೆಂದರೆ ಅಂಗೈ ಅಡ್ಡ ಹಿಡಿದ ಕಾರ್ಡು. ಈ ಕೊನೆಯದನ್ನು ನಮ್ಮ ಭಾವ ಮನೆಯಲ್ಲಿ ಅಕ್ಕನಿಗೇ ಎಷ್ಟೋ ಸಲ ತೋರಿಸಿದ್ದಾರೆ, ಪ್ರಯೋಜನವಾಗಿಲ್ಲ.

ಅವಳ ಕ್ಲಾಸಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ನೆಟ್ಟಗೆ ಬೆನ್ನು ಸೆಟೆಸಿ ಕೂರುತ್ತಿದ್ದುದರಿಂದ ಅಕ್ಕ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದಳು. 'ಸಾಕು' ಎಂಬ ಒಂದು ಕಾರ್ಡು ಕಲಿಯಲು ಮಹಾರಾಣಿಗೆ ಒಂದೂವರೆ ವರ್ಷ ಹಿಡಿಯಿತು. ಕಲಿತ ದಿನ ಅಕ್ಕ ನನ್ನ ಆಫೀಸಿಗೇ ಫೋನ್ ಮಾಡಿದಳು. ನಾನು ದೊಡ್ಡ ಕಡತದ ಮುಂದೆ ಕೂತ ದೊಡ್ಡ ಮನುಷ್ಯ. ಆಮೇಲೆ ಮಾಡು ಅಂದೆ.

ಒಂದು ಸೋಮವಾರ ಮಣಿ ಪೋಣಿಸುತ್ತಾ ಮಹಾರಾಣಿ ಆ ಕಾರ್ಡನ್ನು ಒಂಬತ್ತು ಸಲ ಕೊಟ್ಟಳು. ಪರವಾಗಿಲ್ಲವೇ, ಕಳ್ಳಾಟವೂ ಕಲಿತುಬಿಟ್ಟಳಲ್ಲ ಎಂದು ಅಕ್ಕನಿಗೆ ಒಳಗೊಳಗೇ ಹಿಗ್ಗು. ಇನ್ನೆರಡೇ ಮಣಿ ಕಂದಾ, ಆಮೇಲೆ ಸಾಕು ಅಂದಳು. ಹುಡುಗಿ ಎರಡನ್ನೂ ಪೋಣಿಸಿದಳು. ಅವಳ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಕೀವುಗಟ್ಟಿತ್ತು. ಬುಧವಾರ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಅಕ್ಕ ಕೆಲಸ ಬಿಡುತ್ತೇನೆಂದಳು. ರಾಜೀನಾಮೆ ಬರೆಯುವ ಗೌರವ ನನಗೆ ಬಂತು. 'ಸಮರ್ಪಿತ ಸೇವೆ' ಎಂದು ಎರಡು ಕಡೆ ಹಾಕಿ, ನನ್ನ ಭಾಷೆಗೆ ನಾನೇ ತಲೆದೂಗಿದೆ. ಅಕ್ಕ ಓದಿ, ಇದ್ಯಾರ ವಿಷಯ ಎಂದು ಕೇಳಿದಳು.

ಅದನ್ನು ಕೊಡಲು ಅವಳ ಜೊತೆ ನಾನೂ ಹೋದೆ. ಕ್ಲಾಸಿನ ಪುಟ್ಟ ಕುರ್ಚಿಯಲ್ಲಿ ಹುಡುಗಿಯ ತಾಯಿ ಕೂತಿದ್ದರು. ಮಗಳ ಕಾರ್ಡುಗಳನ್ನು ವಾಪಸು ಕೊಡಲು ಬಂದವರು ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು.

"ನೋವು ಅನ್ನೋ ಕಾರ್ಡು ಸಿಗ್ತಿಲ್ಲ ಟೀಚರ್," ಅಂದರು. "ಎಲ್ಲೋ ಬಿದ್ದುಹೋಗಿದೆ ಅಂತ ಮನೆಯೆಲ್ಲ ಹುಡುಕಿದೆ."

"ಬಿದ್ದಿಲ್ಲಮ್ಮ," ಅಂದಳು ಅಕ್ಕ. "ನಾನು ಮಾಡೇ ಇರ್ಲಿಲ್ಲ."

ಆ ತಾಯಿ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ, ಕಟ್ಟು ಮಾಡಿ ಅಕ್ಕನ ಮುಂದಿಟ್ಟರು. ಕೊನೆಗೆ ಎದ್ದು, ಉಳಿದ ಮಕ್ಕಳಿಗಾದರೂ ಮಾಡಿಕೊಡಿ ಎಂದಷ್ಟೇ ಹೇಳಿ ಹೋದರು.

ಕಾರ್ಡು ಮಾಡಲು ಹತ್ತು ನಿಮಿಷ ಸಾಕು. ಮಾಡಿ, ನಿನ್ನ ಜಾಗಕ್ಕೆ ಬರುವ ಹೊಸ ಟೀಚರ ಕೈಗೆ ಕೊಟ್ಟುಬಿಡು ಎಂದು ನಾನು ಉಪದೇಶ ಮಾಡಿದೆ.

"ಲೋಟ ತೋರಿಸಿ ನೀರು ಕಲಿಸ್ಬಹುದು ಕಣೋ," ಅಂದಳು. "ನೋವನ್ನ ಏನು ತೋರಿಸಿ ಕಲಿಸ್ಲಿ? ಅದು ಆದಾಗ ನಾನು ಪಕ್ಕದಲ್ಲೇ ಇರ್ಬೇಕು."

ನಾನು ಬರೆದ ರಾಜೀನಾಮೆ ಅವಳ ಚೀಲದಲ್ಲೇ ಉಳಿಯಿತು. ಮಗು ಬಿದ್ದ ಆ ಗಳಿಗೆಯಲ್ಲೇ ಕೈಗೆ ಕಾರ್ಡು ಇಡಬೇಕಂತೆ. ಒಂದು ಸಲವಲ್ಲ, ಹತ್ತಾರು ಸಲ. ಅಂಥ ಮಕ್ಕಳು ಏಳು ಜನ. ಎರಡು ವರ್ಷವಾಯಿತು, ಮೂವರು ಕಲಿತಿದ್ದಾರೆ: ಒಬ್ಬರದು ಹಲ್ಲುನೋವು, ಒಬ್ಬರದು ಬಾಗಿಲಿಗೆ ಸಿಕ್ಕ ಬೆರಳು, ಇನ್ನೊಬ್ಬರದು ಸುಮ್ಮನೆ ಬರುವ ತಲೆನೋವು. ನಾಲ್ಕನೆಯ ಮಗು ಬಲು ಜೋಪಾನದ್ದು, ಎಡವುವುದೇ ಇಲ್ಲ. ಅಕ್ಕ ದಿನವಿಡೀ ಅದರ ಹಿಂದೆಯೇ ಸುತ್ತುತ್ತಾಳೆ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈ ಬೀಳದಂತೆ ಹಿಡಿಯಲು ಚಾಚಿಕೊಂಡೇ ಇರುತ್ತದೆ.