ಕೆಂಪು ದಾರದ ಕತ್ತರಿ

ನನ್ನ ಅಕ್ಕ ಮೀನಿನ ವಂಶ ಪತ್ತೆ ಮಾಡುವ ವಿಜ್ಞಾನಿ. ನಾನು ದರ್ಜಿ. ನಮ್ಮ ಬೀದಿಯಲ್ಲಿ ಅವಳನ್ನು ಮೊಂಡಿ ಎಂದೇ ಕರೆಯುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ‘ಕೈಯಾರೆ ಕೆಲಸ ಕಳ್ಕೊಂಡಳು, ಹುಚ್ಚಿ’ ಎಂದು ನನ್ನ ಅಂಗಡಿಯಲ್ಲೇ ಕೂತು ಆಡಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಅವರಿಗಾಗಿಯೇ ಹೇಳುತ್ತಿದ್ದೇನೆ.

ಅವಳಿಗೆ ಕತ್ತರಿ ಕೊಡುವವಳು ನಾನೇ. ದಾರ ಕತ್ತರಿಸುವ ಪುಟ್ಟ ಕತ್ತರಿ. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಬಾಲದ ತುದಿಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ, ಆ ಚೂರನ್ನು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿ, ಮೀನನ್ನು ಮತ್ತೆ ನೀರಿಗೆ ಬಿಡುತ್ತಾಳೆ. ಅದರ ಅಪ್ಪ ಅಮ್ಮ ಯಾವ ಕಡೆಯವರೆಂದು ಆ ಚೂರೇ ಹೇಳುತ್ತದಂತೆ. ತೊರೆಯ ಮೀನಿಗೆ ಕೆಂಪು ದಾರ ಕಟ್ಟಿದ ಕತ್ತರಿ, ಅವಳು ಕೆಲಸಕ್ಕಿದ್ದ ಮೀನುಗಾರಿಕೆ ಇಲಾಖೆಯ ತೊಟ್ಟಿಯಲ್ಲಿ ಸಾಕಿದ ಮೀನಿಗೆ ನೀಲಿ ದಾರದ್ದು. ಒಂದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಅವಳ ಮೇಲಧಿಕಾರಿಯನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ತೊಟ್ಟಿಯ ಮರಿಗಳನ್ನು ತೊರೆಗೆ ಬಿಡಲೇಬೇಕೆಂಬುದು ಅವರ ಹಟ. ಅಕ್ಕನಿಗೆ ಅನುಮಾನ. ತೊಟ್ಟಿಯವರು ಪ್ರತಿ ಸಲ ದಪ್ಪ ಮೀನುಗಳನ್ನೇ ಆರಿಸಿ ಮರಿ ಮಾಡಿಸುತ್ತಾ ಬಂದಿದ್ದರಿಂದ ಈಗ ಅಲ್ಲಿರುವುದೆಲ್ಲ ಒಂದೇ ಮನೆಯ ಅಣ್ಣತಂಗಿಯರು. ಅವು ತೊರೆಗೆ ನುಗ್ಗಿ ಬೆರೆತರೆ ಅಲ್ಲಿನ ಹಳೆಯ ವಂಶ ಅಳಿಸಿಹೋಗುತ್ತದೆ. ಆಮೇಲೆ ತಲೆ ಚಚ್ಚಿಕೊಂಡರೂ ಅದು ವಾಪಸ್ಸು ಬರುವುದಿಲ್ಲ. ಎರಡರದೂ ಒಂದೇ ವಂಶವೆಂದು ಪರೀಕ್ಷೆಯಲ್ಲಿ ಬಂದರೆ ಮಾತ್ರ ಮರಿ ಬಿಡಬಹುದಿತ್ತು.

ಎಡವಟ್ಟಾದದ್ದು ಬಾಲದ ಚೂರು ತೆಗೆಯುವ ದಿನ. ನೀಲಿ ದಾರದ ಕತ್ತರಿ ಕೈಜಾರಿ ತೊಟ್ಟಿಯ ತಳ ಸೇರಿತು. ಜೀಪಿನಲ್ಲಿ ಕೂತ ಸಾಹೇಬರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಕೆಂಪು ದಾರದ ಕತ್ತರಿಯಲ್ಲೇ ತೊಟ್ಟಿಯ ಮೀನು ಮುಗಿಸಿ, ಅದೇ ಕತ್ತರಿಯನ್ನು ಕೋಟಿನ ಅಂಚಿಗೆ ಒರೆಸಿಕೊಂಡು ತೊರೆಗೆ ಹೋದಳು. ಫಲಿತಾಂಶ ಬಂತು: ಎರಡೂ ಒಂದೇ. ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರಿ ಬಿಡುವ ಸಮಾರಂಭಕ್ಕೆ ಮಂತ್ರಿಯನ್ನೇ ಕರೆದುಬಿಟ್ಟರು.

ಅಕ್ಕನಿಗೆ ಮಾತ್ರ ಊಟ ಸೇರಲಿಲ್ಲ. ಸಮಾರಂಭದ ಹಿಂದಿನ ಸಂಜೆ ಅಂಗಡಿಗೆ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತಳು.

“ಯಾವ ಮೀನಲ್ಲೇ ಆಗ್ಲಿ ಅಮ್ಮನದೊಂದು ಗುರುತು, ಅಪ್ಪನದೊಂದು ಗುರುತು ಇರ್ಬೇಕು ಕಣೇ. ಮತ್ತೆ ನೋಡಿದೆ. ತೊರೆ ಮೀನಲ್ಲಿ ಮೂರು ಮೂರು ಕಾಣ್ತಿದೆ.”

“ಮೂರನೇದು ಯಾರ್ದು? ಪಕ್ಕದ ಮನೆಯವನ್ದಾ?”

ಅವಳು ನಗಲಿಲ್ಲ. “ತೊಟ್ಟಿ ಮೀನಿಂದು. ನನ್ನ ಕತ್ತರಿಯಿಂದ ಅಂಟಿದ್ದು.”

“ಸಾಹೇಬ್ರಿಗೆ ಹೇಳಿದ್ಯಾ?”

“ಹೇಳ್ದೆ. ಬಾಯಿ ಮುಚ್ಕೊಂಡಿದ್ರೆ ಬಡ್ತಿ, ಬಾಯಿ ಬಿಟ್ರೆ ಮನೆ ಅಂದ್ರು.”

ಗುಂಡಿ ಹಚ್ಚುತ್ತಿದ್ದ ಅಮ್ಮ ಸೂಜಿ ಕೆಳಗಿಟ್ಟರು. “ಮೀನಿಗೋಸ್ಕರ ಅನ್ನ ಕಳ್ಕೋತೀಯೇನೇ?”

“ತಪ್ಪು ನಂದಮ್ಮ. ಶಿಕ್ಷೆ ಮೀನಿಗ್ಯಾಕೆ?”

ಮರುದಿನ ತೊರೆಯ ದಡದಲ್ಲಿ ಕುರ್ಚಿ, ಶಾಮಿಯಾನ, ಕ್ಯಾಮೆರಾ. ಮರಿ ತುಂಬಿದ ಬಕೆಟ್ ಮಂತ್ರಿಯ ಕೈಯಲ್ಲಿತ್ತು. ನಾನೂ ಅಮ್ಮನೂ ಹಿಂದಿನ ಸಾಲಿನಲ್ಲಿದ್ದೆವು. ಎರಡು ಮಾತಾಡೆಂದು ಸಾಹೇಬರು ಅಕ್ಕನಿಗೆ ಮೈಕು ಕೊಟ್ಟರು. ಬಡ್ತಿಯ ಆಸೆಗೆ ಬಾಯಿಗೆ ಬೀಗ ಬಿದ್ದಿರುತ್ತದೆ ಎಂದುಕೊಂಡಿದ್ದರು, ಪಾಪ.

“ಪರೀಕ್ಷೆ ತಪ್ಪಾಗಿದೆ. ತಪ್ಪು ಮಾಡಿದವಳು ನಾನೇ. ಈ ಮರಿ ಬಿಡಬಾರದು,” ಎಂದಳು, ಕಡ್ಡಿ ಮುರಿದ ಹಾಗೆ.

ಸಾಹೇಬರು ಮೈಕು ಕಿತ್ತುಕೊಂಡರು. ಅವಳು ಚಪ್ಪಲಿ ಬಿಟ್ಟು ನೀರಿಗಿಳಿದು, ಮಂತ್ರಿಯ ಎದುರು ಮೊಣಕಾಲುದ್ದ ನೀರಲ್ಲಿ ನಿಂತಳು.

“ಮೇಲೆ ಬಾರಮ್ಮ. ನಿನ್ನ ಮಾತು ಯಾರು ನಂಬ್ತಾರೆ? ತಪ್ಪು ಮಾಡ್ದೆ ಅಂತ ನೀನೇ ಹೇಳ್ಕೊಂಡೆಯಲ್ಲ!” ಸಾಹೇಬರು ಹಲ್ಲು ಕಡಿದರು.

“ನಂಬಬೇಡಿ. ಇನ್ನೊಂದ್ಸಲ ಪರೀಕ್ಷೆ ಮಾಡ್ಸಿ. ಅಲ್ಲೀವರೆಗೂ ಬಕೆಟ್ ಕೆಳಗಿಡಿ.”

ಮಂತ್ರಿ ಅವಳನ್ನು ನೋಡಿದರು, ಕ್ಯಾಮೆರಾ ನೋಡಿದರು, ಬಕೆಟ್ ಕೆಳಗಿಟ್ಟರು. ವಿಜ್ಞಾನ ಅರ್ಥವಾಗಿ ಇಟ್ಟರೆಂದು ನಾನೇನೂ ಹೇಳುವುದಿಲ್ಲ. ಇಟ್ಟರು, ನನಗೆ ಅಷ್ಟು ಸಾಕು. ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಅಮ್ಮ ಅಳುತ್ತಲೇ ಎದ್ದು ಹೋಗಿ ಮಗಳ ಚಪ್ಪಲಿ ಕೈಗೆತ್ತಿಕೊಂಡರು. ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿಲ್ಲ.

ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು. ಮರಿಗಳು ಇನ್ನೂ ತೊಟ್ಟಿಯಲ್ಲೇ ಇವೆ. ಮರುಪರೀಕ್ಷೆಗೆ ಸಾಹೇಬರು ಒಪ್ಪುತ್ತಿಲ್ಲ, ಮರಿ ಬಿಡಲು ಧೈರ್ಯವೂ ಇಲ್ಲ.

ಮೊನ್ನೆ ಅಕ್ಕ ಅಂಗಡಿಗೆ ಬಂದು ಕೈ ಚಾಚಿದಳು. “ಕತ್ತರಿ ಕೊಡೇ. ತೊರೆಗೆ ಹೋಗ್ಬೇಕು.”

“ಕೆಲಸಾನೇ ಇಲ್ವಲ್ಲ ಅಕ್ಕ, ಕತ್ತರಿ ಯಾಕೆ?”

“ಕೆಲಸ ಹೋಗಿದ್ದು ನಂದು. ಮೀನು ಅಲ್ಲೇ ಇದೆಯಲ್ಲ.”

ಹೊಸದೊಂದು ತೆಗೆದು ಕೆಂಪು ದಾರ ಕಟ್ಟಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಇನ್ನೊಂದೂ ಕೊಡು. ನೀಲಿದು. ಇವತ್ತಲ್ಲ ನಾಳೆ ಮರುಪರೀಕ್ಷೆಗೆ ಆ ತೊಟ್ಟಿಗೂ ಸಾಹೇಬ್ರೇ ನನ್ನ ಕರೀಬೇಕು.”