ಗೌಸಣ್ಣ ಮತ್ತು ಅಪ್ಪನ ಜೀಪು

ಇಂಜಿನ್ನಿನ ತಲೆ ಬಿಚ್ಚುವಾಗ ಗಾಡಿಯ ಯಜಮಾನ ಎದುರಿಗೆ ಕೂತಿರಲೇಬೇಕು ಎಂದು ಹಟ ಹಿಡಿಯುತ್ತಿದ್ದ ಮೆಕ್ಯಾನಿಕ್ ಎಂದರೆ, ನಾನು ಕಂಡಂತೆ, ಗೌಸಣ್ಣ ಒಬ್ಬರೇ. ಹುಣಸೂರಿನ ಅವರ ಗ್ಯಾರೇಜಿನಲ್ಲಿ ಅದಕ್ಕೆಂದೇ ಹಳೆಯ ಬಸ್ಸಿನ ಸೀಟೊಂದನ್ನು ಹಾಕಿದ್ದರು. “ಆಸ್ಪತ್ರೇಲಿ ಆಪರೇಷನ್ ಮಾಡ್ತಿದ್ರೆ ಮನೆಯವರು ಬಾಗ್ಲಲ್ಲಿ ನಿಂತಿರಲ್ವಾ? ಇದೂ ಅಂಗೇಯ. ಕೂತ್ಕಳಿ ಗೌಡ್ರೆ,” ಎನ್ನುವರು. ಯಾರಾದರೂ ಸಂತೆಗೆ ಹೋಗಿಬರುತ್ತೇನೆಂದು ಎದ್ದರೆ ಸ್ಪ್ಯಾನರ್ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದರು. ಆ ಮನುಷ್ಯ ತಿರುಗಿ ಬರುವತನಕ ಒಂದು ಬೋಲ್ಟೂ ಅಲುಗುತ್ತಿರಲಿಲ್ಲ.

ಉದ್ದನೆಯ, ಸ್ವಲ್ಪ ಬಾಗಿದ ಆಳು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮರದ ಹೊಟ್ಟಿನಲ್ಲಿ ಉಜ್ಜಿ, ಆಮೇಲೆ ಸೋಪು ಹಾಕಿದ ಹೊರತು ಟೀ ಲೋಟ ಮುಟ್ಟುತ್ತಿರಲಿಲ್ಲ. ಜೋರು ಮಾತಿಲ್ಲ. ಆದರೆ ಕುದಿಯುವ ರೇಡಿಯೇಟರಿಗೆ ತಣ್ಣೀರು ಸುರಿದು ತಂದವರನ್ನು ಕಂಡರೆ ಮಾತ್ರ ಕೆರಳುತ್ತಿದ್ದರು. “ಜ್ವರ ಬಂದೋರ ತಲೆ ಮೇಲೆ ಐಸ್ ನೀರು ಸುರೀತೀರೇನ್ರೀ?”

ಅಪ್ಪ ಕೊಂಡಿದ್ದ ಡೀಸೆಲ್ ಜೀಪು ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಇನ್ನೂ ಇದೆ. ಕೆಲವು ವರ್ಷಗಳ ಕೆಳಗೆ, ಬೆಟ್ಟದಪುರದ ಆಚೆಯ ಹಳ್ಳಿಯಿಂದ ನನ್ನ ಸೋದರತ್ತೆ ಹೇಳಿಕಳಿಸಿದರು. ಹಾಸಿಗೆ ಹಿಡಿದಿದ್ದರು, ತಮ್ಮನನ್ನು ಒಮ್ಮೆ ನೋಡಬೇಕಂತೆ. ಅಜ್ಜಿಯ ತಿಥಿಯ ದಿನ ಅತ್ತೆ ಆಡಿದ ಒಂದು ಮಾತಿಗೆ ಅಪ್ಪ ಆ ಮನೆಯ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದರು. ಅವ್ವ ಗೋಗರೆದ ಮೇಲೆ ಒಲ್ಲದ ಮನಸ್ಸಿನಿಂದ ಜೀಪು ಹತ್ತಿದರು.

ಬೆಟ್ಟದಪುರ ಇನ್ನೂ ಸ್ವಲ್ಪ ದೂರವಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು. ಒಂದು ಪಂಚರ್ ಅಂಗಡಿಯ ಮುಂದೆ ನಿಲ್ಲಿಸಿ ನೋಡಿದರೆ, ಆಯಿಲ್ ಹಾಲು ಹಾಕಿದ ಟೀಯಂತಾಗಿತ್ತು. ಇಂಜಿನ್ನಿಗೂ ಅದರ ತಲೆಗೂ ನಡುವೆ ಇರುವ ತೆಳ್ಳನೆಯ ಹಾಳೆ, ಹೆಡ್ ಗ್ಯಾಸ್ಕೆಟ್, ಸುಟ್ಟು ನೀರು ಆಯಿಲಿಗೆ ಸೇರಿಕೊಂಡಿತ್ತು. ಫೋನ್ ಮಾಡಿ, ಅತ್ತೆಯನ್ನು ನೋಡಲು ಹೊರಟದ್ದನ್ನೂ ಹೇಳಿದೆ. ಗೌಸಣ್ಣ ಹೊಸ ಗ್ಯಾಸ್ಕೆಟ್, ಆಯಿಲ್ ಡಬ್ಬ, ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ ಬಂದಿಳಿದರು.

“ಶಕುನ ಸರಿಯಿಲ್ಲ ಕಣ್ಲಾ. ಬಸ್ ಹತ್ತಿ ಊರಿಗೆ ಹೋಗವ ನಡಿ,” ಎಂದರು ಅಪ್ಪ ನನಗೆ. ಅವರಿಗೆ ಸದ್ಯ ತಪ್ಪಿತಲ್ಲ ಎಂಬಂತಿತ್ತು.

ಬಾನೆಟ್ಟಿನೊಳಗೆ ಬಗ್ಗಿದ್ದ ಗೌಸಣ್ಣ ತಲೆಯೆತ್ತಿದರು. “ಸುಟ್ಟೋಗಿರೋದು ಗಾಡಿ ಗ್ಯಾಸ್ಕೆಟ್ಟು ಯಜಮಾನ್ರೆ, ನಿಮ್ಮ ಕಾಲಲ್ಲ. ಗಾಡಿ ಇಲ್ಲೇ ಇರ್ತದೆ. ಅಕ್ಕ ಇರ್ತಾರಾ? ಆಟೋ ಹತ್ತಿ.”

ಅಪ್ಪನ ಮುಂದೆ ಹಾಗೆ ಯಾರೂ ಮಾತಾಡಿದವರಿಲ್ಲ. ನಾನು ಹೆದರಿ ನಿಂತೆ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಗೌಸಣ್ಣ ತಾವೇ ರಸ್ತೆಗಿಳಿದು ಆಟೋ ತಡೆದರು. “ನೀವೂ ಜೊತೇಲಿ ಹೋಗಿ ಗೌಡ್ರೆ. ಒಬ್ರೇ ಹೋದ್ರೆ ಬಾಗಿಲಿಂದ್ಲೇ ತಿರುಗಿ ಬತ್ತಾರೆ.”

“ತಲೆ ಬಿಚ್ಚುವಾಗ ನಾನಿರಬೇಡ್ವಾ ಗೌಸಣ್ಣ?”

“ಇವತ್ತು ಬ್ಯಾಡ ಬುಡಿ.”

ಅತ್ತೆಯ ಮನೆಯ ಹೊಸ್ತಿಲಲ್ಲಿ ಅಪ್ಪ ನಿಂತೇಬಿಟ್ಟರು. ಒಳಗಿನ ಮಂಚದಿಂದ ಸಣ್ಣ ದನಿ ಬಂತು. “ಬಂದ್ಯೇನ್ಲಾ? ಉಂಡ್ಯಾ?” ಅಷ್ಟೇ. ಅಪ್ಪ ಒಳಗೆ ಹೋಗಿ ಅಕ್ಕನ ಕೈ ಹಿಡಿದು ಕೂತವರು ಮಗುವಿನಂತೆ ಅತ್ತರು. ನಾನು ಹೊರಗೆ ಬಂದು ಜಗುಲಿಯಲ್ಲಿ ಕೂತೆ.

ಸಂಜೆ ನಾವು ಮರಳುವಾಗ ಗೌಸಣ್ಣ ತಲೆಯ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಆಚೀಚೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಿದ್ದರು. ಒಂದೇ ಸಲ ಬಿಗಿದರೆ ಹೊಸದೂ ಉಳಿಯುವುದಿಲ್ಲವಂತೆ. ಅಪ್ಪನ ಕೆಂಪಾದ ಕಣ್ಣು ನೋಡಿ ಮತ್ತೆ ಬೋಲ್ಟಿನತ್ತ ಬಗ್ಗಿದರು. ಅಪ್ಪನೇ ಪಕ್ಕದ ಕಲ್ಲಿನ ಮೇಲೆ ಕೂತು, ಚಿಕ್ಕವರಿದ್ದಾಗ ಅಕ್ಕ ತಮ್ಮನ್ನು ಸೊಂಟದಲ್ಲಿ ಹೊತ್ತು ಕೆರೆ ಏರಿಯ ಮೇಲೆಲ್ಲ ತಿರುಗುತ್ತಿದ್ದುದನ್ನು ಹೇಳತೊಡಗಿದರು. ಗೌಸಣ್ಣ ಹ್ಞೂಂಗುಟ್ಟುತ್ತಾ ಕೆಲಸ ಮುಗಿಸಿದರು. ಆ ವಾರವೇ ಅತ್ತೆ ತೀರಿಕೊಂಡರು.

ಈ ಸಲದ ರಂಜಾನಿಗೆ ಮುಂಚೆ ಗೌಸಣ್ಣನೂ ಹೋಗಿಬಿಟ್ಟರು. ಮಂಡಿ ಸೋತು ಗ್ಯಾರೇಜು ಮುಚ್ಚಿದ ಮೇಲೆ ಸರಗೂರಿನಲ್ಲಿ ಮಗಳು ಸಬೀನಾಳ ಮನೆಯಲ್ಲಿದ್ದರು. ನಾನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಜೀಪು ನಿಲ್ಲಿಸಿದ್ದೇ ತಡ, ಗೋಡೆ ಹಿಡಿದುಕೊಂಡು ಹೊರಗೆ ಬಂದರು.

“ಏನಾಯ್ತು ಗೌಡ್ರೆ? ಇಂಜಿನ್ ಹೀಟಾಯ್ತದಾ?”

“ಇಲ್ಲ ಗೌಸಣ್ಣ.”

“ಆಯಿಲ್ ಕುಡೀತದಾ?”

“ಇಲ್ಲ. ಚೆನ್ನಾಗೈತೆ.”

“ಮತ್ತೆ ಇಷ್ಟು ದೂರ ಯಾಕ್ ಬಂದ್ರಿ?”

“ನಿಮ್ಮನ್ನ ನೋಡವ ಅಂತ.”

ಅವರು ಒಳಗೆ ತಿರುಗಿ, ಅಕ್ಕಪಕ್ಕದ ಮನೆಗಳಿಗೂ ಕೇಳಿಸುವ ಹಾಗೆ ಕೂಗಿದರು: “ಸಬೀನಾ, ಟೀ ಇಡವ್ವ! ಗೌಡ್ರು ಬಂದವ್ರೆ. ರಿಪೇರಿ ಏನೂ ಇಲ್ವಂತೆ. ಸುಮ್ನೆ ಬಂದವ್ರೆ!”